ನಂದಿ ಬೆಟ್ಟಸಾಲಿನ ಕಾಡು ಮತ್ತು ಗೋಮಾಳಗಳು: ಒಂದು ಭೂಪಟ ಚರಿತ್ರೆ

ಒಂದು ಸೀಮೆಯ ಚರಿತ್ರೆಯನ್ನು ಬರೆಯಲು ತೊಡಗುವವರು ಶಾಸನಗಳನ್ನೂ ಕಡತಗಳನ್ನೂ ಪ್ರವಾಸಿಗಳ ಬರಹಗಳನ್ನೂ ಆಧಾರವಾಗಿ ಹಿಡಿಯುವಂತೆ ಭೂಪಟಗಳನ್ನು ಹಿಡಿಯುವುದು ಅಪೂರ್ವ. ಭೂಪಟವೆಂದರೆ ಗ್ರಂಥದ ಕೊನೆಯಲ್ಲಿ ಅಂಟಿಸತಕ್ಕ ಚಿತ್ರವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಭೂಪಟವೂ ಒಂದು ದಾಖಲೆಯೇ. ದಾನಶಾಸನಕ್ಕೆ ದಾನಿಯೂ ಪ್ರತಿಗ್ರಹಿಯೂ ಇರುವಂತೆ ಅದಕ್ಕೂ ಬರೆಯಿಸಿದವರಿರುತ್ತಾರೆ. ಬರೆಯಿಸಿದವರಿಗೆ ಒಂದು ಪ್ರಯೋಜನವಿರುತ್ತದೆ. ಆ ಪ್ರಯೋಜನಕ್ಕೆ ಬೇಕಾದುದು ಪಟದಲ್ಲಿ ದಪ್ಪ ಗೆರೆಯಾಗುತ್ತದೆ. ಬೇಡವಾದುದು ಬಿಳಿಯ ಜಾಗವಾಗಿ ಉಳಿಯುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳ ಬೆಟ್ಟಗಾಡು ಈ ಮಾತಿಗೆ ಉತ್ತಮ ನಿದರ್ಶನ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ, ನೂರು ವರ್ಷಗಳ ಅವಧಿಯಲ್ಲಿ, ಈ ಬೆಟ್ಟಗಳು ಬೇರೆ ಬೇರೆ ಪ್ರಯೋಜನಗಳಿಗಾಗಿ ಮತ್ತೆ ಮತ್ತೆ ಅಳೆಯಲ್ಪಟ್ಟವು: ಮೊದಲು ಯುದ್ಧಕ್ಕಾಗಿ, ಆಮೇಲೆ ರಾಜ್ಯದ ಎಲ್ಲೆಗಾಗಿ, ಆಮೇಲೆ ಕಂದಾಯಕ್ಕಾಗಿ, ಕೊನೆಗೆ ಕಾಡು ಮತ್ತು ನೀರಿನ ಆಡಳಿತಕ್ಕಾಗಿ. ಈ ತಪ್ಪಲುಗಳಲ್ಲಿ ದನ ಕುರಿಗಳನ್ನು ಮೇಯಿಸಿಕೊಂಡು ಬಂದವರ ಪ್ರಯೋಜನಕ್ಕಾಗಿ ಮಾತ್ರ ಯಾವ ಅಳತೆಯೂ ನಡೆಯಲಿಲ್ಲ. ಆದುದರಿಂದಲೇ ಮೇವಿನ ನೆಲವು ಪ್ರತಿಯೊಂದು ಪಟದಲ್ಲಿಯೂ ಇತರ ಎಲ್ಲವನ್ನೂ ಗುರುತಿಸಿದ ಮೇಲೆ ಉಳಿದ ಶೇಷವಾಗಿ ಕಾಣಿಸುತ್ತದೆ. ಈ ಸಂಗತಿಯನ್ನು ಕ್ರಮವಾಗಿ ತೋರಿಸಿ, ಇದರಿಂದ ಇಂದಿಗೂ ಒದಗುವ ಪರಿಣಾಮವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬೆಟ್ಟಸಾಲಿನ ಸ್ವರೂಪ

ನಂದಿದುರ್ಗದಲ್ಲಿ ಮೊದಲಾಗುವ ಬೆಟ್ಟಸಾಲು ಗುಡಿಬಂಡೆಯ ಮೇಲೆ ಹಾದು ಉತ್ತರಾಭಿಮುಖವಾಗಿ ಪೆನುಗೊಂಡೆಯ ಕಡೆಗೆ ಸಾಗುತ್ತದೆ. ನಂದಿದುರ್ಗದ ಎತ್ತರ ಸಮುದ್ರಮಟ್ಟದಿಂದ 4,851 ಅಡಿ. ಅದರ ಸಮೀಪದಲ್ಲಿಯೇ ಬ್ರಹ್ಮಗಿರಿಯೂ, ಕಳವಾರದುರ್ಗವೆಂದು ಹೆಸರಾಗಿ ಈಗ ಸ್ಕಂದಗಿರಿಯೆಂದು ಕರೆಯಲ್ಪಡುವ ಬೆಟ್ಟವೂ ಇವೆ. ಪೂರ್ವಕ್ಕೆ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ಈ ಸಾಲಿನಿಂದ ಬಿಡಿಯಾಗಿ ರಹಮಾನಗಡ, ಅಂಬಾಜಿದುರ್ಗ ಮೊದಲಾದ ಗಿರಿಗಳು ನಿಂತಿವೆ. ಬಹುಮಟ್ಟಿಗೆ ಎಲ್ಲವೂ ಬೋಳು ಬಂಡೆಯ ನೆತ್ತಿ, ಕುರುಚಲು ಕಾಡಿನ ಪಕ್ಕೆ, ಹುಲ್ಲು ಹಾಸಿದ ತಪ್ಪಲು ಎಂಬ ಮೂರು ಅಂತಸ್ತುಗಳನ್ನುಳ್ಳವು. ತಪ್ಪಲಿನ ಕೆಳಗೆ ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸಾಲು.

ಈ ಬೆಟ್ಟಗಳ ವೈಶಿಷ್ಟ್ಯವಿರುವುದು ಎತ್ತರದಲ್ಲಿ ಅಲ್ಲ, ನೀರನ್ನು ಹಂಚುವುದರಲ್ಲಿ. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಾರ್ಗವಾಗಿ ಉತ್ತರಕ್ಕೆ ಹರಿದು ಆಂಧ್ರವನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ಆಗ್ನೇಯಾಭಿಮುಖವಾಗಿ ತಮಿಳುನಾಡಿಗೆ ಹೋಗುತ್ತದೆ. ಚಿತ್ರಾವತಿ, ಪಾಪಘ್ನಿ ನದಿಗಳು ಮುಂದೆ ಉತ್ತರ ಪಿನಾಕಿನಿಯನ್ನು ಕೂಡುತ್ತವೆ. ಅರ್ಕಾವತಿಯು ಕಾವೇರಿಯನ್ನು ಸೇರಿದರೆ, ಪಾಲಾರ್ ನದಿಯು ಕೋಲಾರ ಸೀಮೆಯನ್ನು ಹಾದು ಪೂರ್ವಸಮುದ್ರದ ಕಡೆಗೆ ಸಾಗುತ್ತದೆ. ಬೆಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ ಯಾವ ಮಗ್ಗುಲಿಗೆ ಇಳಿಯಿತೆಂಬುದರ ಮೇಲೆ ಅದು ಯಾವ ನಾಡಿನ ಗದ್ದೆಗೆ ಸಲ್ಲುತ್ತದೆಂಬುದು ನಿಶ್ಚಯವಾಗುತ್ತದೆ. ಈ ಸಂಗತಿಯ ರಾಜಕೀಯ ಮಹತ್ತ್ವವನ್ನು ಮುಂದೆ ನೋಡಲಿದ್ದೇವೆ.

2. ಭೂಪಟಕ್ಕೆ ಮುಂಚಿನ ಎಲ್ಲೆಗಳು

ಕಾಗದದ ಮೇಲೆ ಪಟ ಬರೆಯುವ ಮುನ್ನ ಈ ಸೀಮೆಯಲ್ಲಿ ಎಲ್ಲೆಗಳೇ ಇರಲಿಲ್ಲವೆಂದು ಭಾವಿಸಲಾಗದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಆಗಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಇಂತಹ ದಾನಶಾಸನಗಳಲ್ಲಿ ದತ್ತಿಯ ಭೂಮಿಗೆ ಚತುಸ್ಸೀಮೆಯನ್ನು ಹೇಳುವ ಪದ್ಧತಿ ಪ್ರಸಿದ್ಧವಾದುದು. ಮೂಡಲ ದಿಕ್ಕಿಗೆ ಇಂತಹ ಕೆರೆಯ ಕೋಡಿ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಹುಣಿಸೆಯ ಮರ ಅಥವಾ ಹುತ್ತ, ಬಡಗಲಿಗೆ ಬೆಟ್ಟದ ನೀರು ಇಳಿಯುವ ತಾಣ, ಹೀಗೆ ಎಲ್ಲೆಯು ನಡೆದುಹೋಗುವವನ ಕಣ್ಣಿಗೆ ಒಂದಾದ ಮೇಲೊಂದು ತೋರುವ ಗುರುತುಗಳ ಸರಣಿಯಾಗಿರುತ್ತದೆ. ದೇವರ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುತ್ತಿದ್ದರು. ಇದೊಂದು ಬಾಯಿಮಾತಿನ ಭೂಪಟ. ಊರಿನ ಹಿರಿಯರು ನಡೆದು ತೋರಿಸಿದರೆ ಮಾತ್ರ ಅದು ಸಾಕ್ಷಿಯಾಗುತ್ತಿತ್ತು.

ಮೇವಿನ ನೆಲದ ಮಹತ್ತ್ವಕ್ಕೆ ಇನ್ನೊಂದು ಬಗೆಯ ಕಲ್ಲುಗಳು ಸಾಕ್ಷಿ ನುಡಿಯುತ್ತವೆ. ಗಂಗ, ಬಾಣ, ನೊಳಂಬರ ಕಾಲದಲ್ಲಿ ತುರುಗೋಳಿನಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ಕೋಲಾರ ಸೀಮೆಯಲ್ಲಿ ಹೇರಳವಾಗಿವೆ. ದನದ ಹಿಂಡಿಗಾಗಿ ಪ್ರಾಣ ಕೊಟ್ಟವನಿಗೆ ಊರು ಕಲ್ಲು ನಿಲ್ಲಿಸಿ ಗೌರವಿಸುತ್ತಿತ್ತೆಂದರೆ, ಆ ಹಿಂಡು ಮೇಯುತ್ತಿದ್ದ ನೆಲವು ಬೀಳು ಭೂಮಿಯೆಂದು ಆ ಜನ ಎಣಿಸಿರಲಾರರು. ಹುಲ್ಲುಬನ್ನಿ ಎಂಬ ತೆರಿಗೆಯ ಹೆಸರೂ ಇದನ್ನೇ ಸ್ಥಿರಪಡಿಸುತ್ತದೆ: ಬೆಲೆಯಿಲ್ಲದ ವಸ್ತುವಿನ ಮೇಲೆ ಯಾವ ಅರಸನೂ ತೆರಿಗೆ ಹಾಕುವುದಿಲ್ಲ. ಗೋಮಾಳ, ಕಾವಲು, ಗುಂಡುತೋಪು ಎಂಬ ಮಾತುಗಳೂ ಇದೇ ಲೋಕಕ್ಕೆ ಸೇರಿದವು. ಒಂದೊಂದಕ್ಕೂ ಬಳಕೆ ಬೇರೆ, ಕಟ್ಟಳೆ ಬೇರೆ.

3. ದುರ್ಗವಾಗಿ ಬೆಟ್ಟ

ಆಧುನಿಕ ರೀತಿಯ ಮೋಜಣಿ ಈ ಬೆಟ್ಟಗಳಿಗೆ ಬಂದುದು ಸೈನ್ಯದ ಬೆನ್ನಹಿಂದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಮೇಲೆ, ಕಾರ್ನ್‌ವಾಲಿಸನ ಸೈನ್ಯಕ್ಕೆ ಉತ್ತರ ಮತ್ತು ಪೂರ್ವದ ದಾರಿಗಳನ್ನು ನಿರ್ಬಾಧಗೊಳಿಸಿಕೊಳ್ಳಬೇಕಾಯಿತು. ಹೈದರಾಬಾದಿನ ನಿಜಾಮನ ಸೀಮೆಯಿಂದ ಬರುವ ದವಸಧಾನ್ಯಗಳ ಮಾರ್ಗಕ್ಕೆ ಈ ಬೆಟ್ಟದ ಕೋಟೆಗಳು ಅಡ್ಡಿಯಾಗಿದ್ದವು. ಮೇಜರ್ ಗೌಡಿಯ ನೇತೃತ್ವದ ತುಕಡಿಯು ಆ ವರ್ಷದ ಸೆಪ್ಟೆಂಬರಿನಲ್ಲಿ ರಹಮಾನಗಡವನ್ನು ವಶಪಡಿಸಿಕೊಂಡಿತು. ಅನಂತರ ನಂದಿದುರ್ಗಕ್ಕೆ ಮುತ್ತಿಗೆ ಬಿದ್ದು, ಮೂರು ವಾರಗಳ ತರುವಾಯ, ಅಕ್ಟೋಬರ್ 18-19ರ ನಡುವಣ ರಾತ್ರಿ ಕೋಟೆಯು ಶತ್ರುಗಳ ಕೈಸೇರಿತು.

ಇಂತಹ ಕಾರ್ಯಕ್ಕೆ ಬೇಕಾದ ಸ್ಥಳಜ್ಞಾನ ಯಾವ ಬಗೆಯದೆಂಬುದನ್ನು ಊಹಿಸುವುದು ಕಷ್ಟವಲ್ಲ. ಫಿರಂಗಿಯನ್ನು ಎಳೆಯಬಲ್ಲ ಇಳಿಜಾರು ಯಾವುದು, ಯಾವ ಗುಡ್ಡದಿಂದ ಯಾವ ಗೋಡೆ ಕಾಣುತ್ತದೆ, ನೀರು ಎಲ್ಲಿದೆ, ದಂಡಿನ ಎತ್ತುಗಳಿಗೆ ಮೇವು ಎಲ್ಲಿ ಸಿಕ್ಕುತ್ತದೆ ಎಂಬಿಷ್ಟು ತಿಳಿದರೆ ಸಾಕು. ಆಗಿನ ಸೈನ್ಯದಲ್ಲಿ ಫಿರಂಗಿಯನ್ನೂ ಸಾಮಾನನ್ನೂ ಎಳೆಯುತ್ತಿದ್ದುದು ಎತ್ತುಗಳೇ ಆದುದರಿಂದ ಹುಲ್ಲುಗಾವಲು ಸೇನಾಧಿಪತಿಗಳ ಲೆಕ್ಕದಲ್ಲಿ ಸೇರಿತ್ತು. ಆದರೆ ಅದು ದಂಡು ದಾಟಿಹೋಗುವವರೆಗಿನ ಮೇವು. ಆ ಹುಲ್ಲು ಯಾರದು, ಯಾವ ಋತುವಿನಲ್ಲಿ ಯಾವ ಊರಿನದು ಎಂಬ ಪ್ರಶ್ನೆ ಅಲ್ಲಿ ಏಳುವಂತಿರಲಿಲ್ಲ.

4. 1799ರ ಅನಂತರದ ಮೂರು ಮೋಜಣಿಗಳು

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ರಾಜ್ಯವು ವಿಭಾಗವಾಯಿತು. ಗುತ್ತಿ, ಗುರ್ರಂಕೊಂಡ ಮೊದಲಾದ ಸೀಮೆಗಳು ನಿಜಾಮನ ಪಾಲಿಗೆ ಹೋಗಿ, ಮರುವರ್ಷವೇ ಅವನಿಂದ ಕಂಪೆನಿಯ ಕೈಸೇರಿದವು. ಇದರಿಂದ ಇಂದಿನ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿಗಳ ಕಡೆಯ ಬೆಟ್ಟಗಾಡು ಎರಡು ಆಡಳಿತಗಳ ನಡುವಣ ಗಡಿಯಾಯಿತು. ಒಡಂಬಡಿಕೆಯಲ್ಲಿ ತಾಲ್ಲೂಕುಗಳ ಹೆಸರುಗಳಿದ್ದವೇ ಹೊರತು ನೆಲದ ಮೇಲಣ ಗೆರೆ ಇರಲಿಲ್ಲ. ಆ ಗೆರೆಯನ್ನು ಕಂಡುಹಿಡಿಯುವುದು ಮೋಜಣಿದಾರರ ಪಾಲಿಗೆ ಬಂದಿತು.

ವೆಲ್ಲೆಸ್ಲಿಯ ಕಾಲದಲ್ಲಿ ಒಂದೇ ಸಮಯಕ್ಕೆ ಮೂರು ಕಾರ್ಯಗಳು ಆರಂಭವಾದುವು. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯ ಬೇಸಾಯ, ಕೈಗಾರಿಕೆ, ಜನಜೀವನಗಳನ್ನು ವಿಚಾರಿಸುತ್ತ ಸಂಚರಿಸಿದನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಚಿಕ್ಕಬಳ್ಳಾಪುರದ ಸಕ್ಕರೆ ಮತ್ತು ಕಲ್ಲುಸಕ್ಕರೆಯ ತಯಾರಿಕೆಯ ವಿಷಯವನ್ನು ಅವನಿಂದಲೇ ನಾವು ವಿಶದವಾಗಿ ತಿಳಿಯುತ್ತೇವೆ. ಕಾಲಿನ್ ಮೆಕೆಂಜಿಯು ಸ್ಥಳವರ್ಣನೆಯ ಮೋಜಣಿಯನ್ನು ವಹಿಸಿಕೊಂಡನು. ವಿಲಿಯಂ ಲ್ಯಾಂಬ್ಟನ್ ತ್ರಿಕೋನಮಾಪನವನ್ನು ಕೈಗೊಂಡನು.

ಮೆಕೆಂಜಿಯ ಮೋಜಣಿಯು ಒಂದು ದಶಕದಷ್ಟು ಕಾಲ ನಡೆದು ಸುಮಾರು 40,000 ಚದರ ಮೈಲಿಗಳ ಪ್ರದೇಶವನ್ನು ವ್ಯಾಪಿಸಿತು. ಜಾನ್ ಮೇದರ್, ಜಾನ್ ವಾರನ್ ಮೊದಲಾದವರು ಅವನ ಸಹಾಯಕರು. 1794ರಲ್ಲಿ ಮದರಾಸಿನ ವೀಕ್ಷಣಾಲಯದಲ್ಲಿ ಸ್ಥಾಪಿತವಾದ ಮೋಜಣಿ ಶಾಲೆಯಲ್ಲಿ ಕಲಿತ ಹುಡುಗರು ನೆಲದ ಮೇಲಣ ಕೆಲಸದ ಬಹುಭಾಗವನ್ನು ಹೊತ್ತರು. ರಸ್ತೆಗಳನ್ನು ಪೆರಾಂಬುಲೇಟರ್ ಎಂಬ ಅಳತೆಯ ಚಕ್ರವನ್ನು ಉರುಳಿಸಿ ಅಳೆಯುತ್ತಿದ್ದರು. ಊರು, ಕೆರೆ, ಗುಡ್ಡಗಳನ್ನು ಪ್ಲೇನ್ ಟೇಬಲ್ ಎಂಬ ಮುಕ್ಕಾಲಿನ ನಕ್ಷೆಹಲಗೆಯ ಮೇಲೆ, ಕಂಡ ಸ್ಥಳದಲ್ಲಿಯೇ, ಗುರುತಿಸುತ್ತಿದ್ದರು. ಜ್ವರದಿಂದ ಅನೇಕರು ನರಳಿದರು. ಇದೇ ಕಾಲದಲ್ಲಿ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರೂ ಇತರ ಪಂಡಿತರೂ ಊರೂರಿನಲ್ಲಿ ಶಾಸನಗಳನ್ನು ನಕಲು ಮಾಡುತ್ತ, ಕರಣಿಕರಿಂದಲೂ ಗೌಡರಿಂದಲೂ ಕೈಫಿಯತ್ತುಗಳನ್ನು ಬರೆಯಿಸುತ್ತ ಬಂದರು. ಕನ್ನಡ ಕೈಫಿಯತ್ತುಗಳನ್ನು ಮುಂದೆ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ವಿದ್ವಾಂಸರಿಗೆ ದೊರಕಿಸಿಕೊಟ್ಟಿದ್ದಾರೆ.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಪಟವೂ ಕೈಫಿಯತ್ತೂ ಒಂದೇ ಮೋಜಣಿಯ ಎರಡು ಫಲಗಳು; ಆದರೆ ಎರಡೂ ಒಂದೇ ಹಾಳೆಯ ಮೇಲೆ ಕೂಡಿಬರಲಿಲ್ಲ. ಊರ ಹಿರಿಯರು ಹೇಳಿದ ಎಲ್ಲೆ, ವಾಡಿಕೆ, ಹಕ್ಕುಗಳು ಕೈಫಿಯತ್ತಿನ ಕಟ್ಟಿಗೆ ಸೇರಿದವು. ಅಳೆದ ದೂರಗಳು ಪಟಕ್ಕೆ ಸೇರಿದವು. ಆಡಳಿತಗಾರನು ಪಟವನ್ನು ಮೇಜಿನ ಮೇಲೆ ಹರಡಿಕೊಂಡನು. ಕೈಫಿಯತ್ತು ಗ್ರಂಥಭಂಡಾರವನ್ನು ಸೇರಿತು.

ಗಡಿಯ ಮೋಜಣಿಯ ಬಗ್ಗೆ ಒಂದು ಉದಾಹರಣೆ. 1802ರಲ್ಲಿ ವಾರನ್ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದಾಗ ಉರಿಗಾಮಿನ ಬಳಿ ಮಣ್ಣಿನಲ್ಲಿ ಚಿನ್ನ ಸಿಕ್ಕುವುದೆಂಬ ವಾರ್ತೆ ಅವನ ಕಿವಿಗೆ ಬಿದ್ದಿತು. ಊರಿನವರ ಕೈಯಿಂದಲೇ ಮಣ್ಣು ತೊಳೆಸಿ ಅವನು ಅದನ್ನು ಪರೀಕ್ಷಿಸಿ ವರದಿ ಮಾಡಿದನು. ಕೋಲಾರದ ಚಿನ್ನದ ಗಣಿಗಳ ಆಧುನಿಕ ಚರಿತ್ರೆ ಆರಂಭವಾಗುವುದು ಈ ವರದಿಯಿಂದ. ಜನರು ತಲೆತಲಾಂತರದಿಂದ ತಿಳಿದಿದ್ದ ವಿಷಯವು ಮೋಜಣಿದಾರನ ವರದಿಯಲ್ಲಿ ಸೇರಿದಾಗಲೇ ರಾಜ್ಯದ ಮಟ್ಟಿಗೆ ಸತ್ಯವಾಯಿತು. ಹುಲ್ಲಿಗೆ ಆ ಭಾಗ್ಯ ಒದಗಲಿಲ್ಲ.

ಲ್ಯಾಂಬ್ಟನ್ನನ ಕೆಲಸದ ಗುರಿ ಬೇರೆಯಾಗಿತ್ತು. 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಕಟ್ಟಿಕೊಂಡು ಮೈಸೂರಿನ ಪ್ರಸ್ಥಭೂಮಿಗೆ ಏರಿದನು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಒಂದು ರೇಖೆಯನ್ನು ಅಳೆಸಿ ನೋಡಿದಾಗ, ತ್ರಿಕೋನಗಳಿಂದ ಗಣಿಸಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಅಷ್ಟು ದೂರಕ್ಕೆ ಇದು ಆಶ್ಚರ್ಯಕರವಾದ ನಿಖರತೆ. ಬೆಂಗಳೂರಿನ ದೊಡ್ಡಗುಂಟೆಯ ನೆಲೆಯಿಂದ ಉತ್ತರಕ್ಕೆ ಸಾಗಿದ ಮಹಾಚಾಪವು 78ನೆಯ ರೇಖಾಂಶದ ಆಸುಪಾಸಿನದು. ನಂದಿದುರ್ಗದ ರೇಖಾಂಶ ಸುಮಾರು 77 ಡಿಗ್ರಿ 41 ಮಿನಿಟು. ಚಿಂತಾಮಣಿಯು 78ನ್ನು ಸ್ವಲ್ಪ ದಾಟಿದೆ. ಹೀಗೆ ನಮ್ಮ ಬೆಟ್ಟಗಾಡು ಭೂಮಿಯ ಆಕಾರವನ್ನು ನಿರ್ಣಯಿಸಲು ನಡೆದ ಆ ಮಹಾಕಾರ್ಯದ ದಾರಿಯಲ್ಲಿಯೇ ಇದ್ದಿತು. ಆದರೆ ತ್ರಿಕೋನಮಾಪಕನಿಗೆ ಬೇಕಾದುದು ದೂರದಿಂದ ಕಾಣುವ ಬೋಳು ನೆತ್ತಿ. ನೆತ್ತಿಯಿಂದ ನೆತ್ತಿಗೆ ಅವನ ದೃಷ್ಟಿ ಹಾರುತ್ತದೆ. ನಡುವಣ ತಪ್ಪಲನ್ನು ಇತರರು ತುಂಬಿಕೊಳ್ಳಬೇಕು.

5. ಸರಪಳಿ, ಬಾಂದುಕಲ್ಲು, ಖರಾಬು

ತಪ್ಪಲನ್ನು ಅಂಗುಲ ಅಂಗುಲವಾಗಿ ತುಂಬಿದುದು ಕಂದಾಯದ ಮೋಜಣಿ. ಕಮಿಷನರುಗಳ ಆಳ್ವಿಕೆಯಲ್ಲಿ, 1863ರಲ್ಲಿ, ಮುಂಬಯಿಯ ಪದ್ಧತಿಯನ್ನನುಸರಿಸಿ ಇದು ಮೈಸೂರಿನಲ್ಲಿ ಆರಂಭವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆಗಳು. ಒಂದು ಸರಪಳಿಯ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗಳಲ್ಲಿ ಬಾಂದುಕಲ್ಲು, ಪ್ರತಿ ನಂಬರಿಗೂ ಟಿಪ್ಪಣಿ, ಊರಿಗೊಂದು ಆಕಾರಬಂದು ಮತ್ತು ಗ್ರಾಮನಕ್ಷೆ. ಗ್ರಾಮನಕ್ಷೆಯಲ್ಲಿ ಒಂದು ಅಂಗುಲವು 20 ಸರಪಳಿಗೆ, ಎಂದರೆ 660 ಅಡಿಗೆ ಸಮ. ಇಂದಿಗೂ ನಮ್ಮ ರೈತರು ಜಮೀನಿನ ವ್ಯಾಜ್ಯ ಬಂದಾಗ ತೆಗೆದು ನೋಡುವುದು ಈ ಮನೆತನದ ದಾಖಲೆಗಳನ್ನೇ.

ಈ ಮೋಜಣಿಯ ಪ್ರಯೋಜನ ಕಂದಾಯವನ್ನು ಗೊತ್ತುಪಡಿಸುವುದು. ಸಾಗುವಳಿಗೆ ಬರುವ ಭೂಮಿಗೆ ದರ ಕಟ್ಟಿ, ಬಾರದುದನ್ನು ಖರಾಬು ಎಂದು ಬರೆದು ಲೆಕ್ಕದಿಂದ ಕಳೆಯುವುದು ಅದರ ಕ್ರಮ. ಬಂಡೆ, ಹಳ್ಳ, ದಾರಿ, ಸ್ಮಶಾನ, ಗುಡ್ಡದ ಪಕ್ಕೆ ಇವೆಲ್ಲ ಆ ಒಂದು ಮಾತಿನಲ್ಲಿ ಅಡಗಿದವು. ಗೋಮಾಳವೆಂದು ನಂಬರು ಹಾಕಿ ಪ್ರತ್ಯೇಕಿಸಿದ ನೆಲವೂ ಉಂಟು. ಆದರೆ ಅದು ಆಯಾ ಊರಿನ ಎಲ್ಲೆಯೊಳಗೆ ನಿಂತ ಚೌಕ. ಹಿಂಡು ಊರಿನ ಎಲ್ಲೆಯನ್ನು ನೋಡಿ ಮೇಯುವುದಿಲ್ಲ. ಮಳೆಗಾಲದಲ್ಲಿ ಬೆಳೆಯಿರುವ ಬಯಲನ್ನು ಬಿಟ್ಟು ಬೆಟ್ಟಕ್ಕೆ ಏರುವುದು, ಕುಯಿಲಾದ ಮೇಲೆ ಹೊಲದ ಕೂಳೆಗೆ ಇಳಿಯುವುದು, ಬೇಸಗೆಯಲ್ಲಿ ಕೆರೆಯ ಅಂಗಳವನ್ನು ಸೇರುವುದು, ಇದು ಬಯಲುಸೀಮೆಯ ಮೇಯಿಸುವವರ ವಾಡಿಕೆ. ಈ ಚಲನೆಯನ್ನು ನಿಶ್ಚಲವಾದ ನಂಬರು ಹಿಡಿಯಲಾರದು. ಗ್ರಾಮನಕ್ಷೆಯಲ್ಲಿ ಇಳಿಜಾರಿನ ಗುರುತೂ ಇಲ್ಲ. ಕಡಿದಾದ ಬೆಟ್ಟವೂ ಸಮನಾದ ಬಯಲೂ ಅಲ್ಲಿ ಒಂದೇ ಬಿಳಿಯ ಹಾಳೆ.

ಇದೇ ಕಾಲದಲ್ಲಿ, 1864ರಲ್ಲಿ, ಮೈಸೂರಿನ ಅರಣ್ಯ ಇಲಾಖೆಯು ಸ್ಥಾಪಿತವಾಯಿತು. 1900ರ ಹನ್ನೊಂದನೆಯ ರೆಗ್ಯುಲೇಷನ್ ಎಂದು ಪ್ರಸಿದ್ಧವಾದ ಅರಣ್ಯ ಶಾಸನವು ರಾಜ್ಯ ಅರಣ್ಯಗಳನ್ನು ಘೋಷಿಸುವ ಕ್ರಮವನ್ನು ವಿಧಿಸಿತು. ಮೊದಲು ಎಲ್ಲೆಗಳನ್ನು ವರ್ಣಿಸಿ ಪ್ರಕಟಣೆ. ಆಮೇಲೆ ಆ ನೆಲದಲ್ಲಿ ಹಕ್ಕುಳ್ಳವರ ಅಹವಾಲುಗಳ ವಿಚಾರಣೆ. ಕೊನೆಗೆ ಅಂತಿಮ ಘೋಷಣೆ. ಕ್ರಮವೇನೋ ನ್ಯಾಯವಾದುದೇ. ಆದರೆ ಪ್ರಕಟಣೆಯು ಕಾಗದದ ಮೇಲಿನದು, ಹಕ್ಕು ವಾಡಿಕೆಯ ಮೇಲಿನದು. ಪಟದಲ್ಲಿ ಹೆಸರಿಲ್ಲದ ದಾರಿಯಲ್ಲಿ ಹಿಂಡು ಹೊಡೆದುಕೊಂಡು ಹೋಗುವವನು ಗೆಜೆಟ್ಟನ್ನು ಓದಿ ನಿಯತ ಕಾಲದೊಳಗೆ ಅರ್ಜಿ ಸಲ್ಲಿಸಬೇಕೆಂದರೆ ಅದು ಎಷ್ಟು ಮಂದಿಗೆ ಸಾಧ್ಯ?

6. ಒಂದಂಗುಲದ ಪಟ ಮತ್ತು ನದಿಗಳ ಒಡಂಬಡಿಕೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತ ಸರ್ವೇಕ್ಷಣ ಇಲಾಖೆಯು ಮೈಸೂರನ್ನು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಚಿತ್ರಿಸಿತು. 1905ರ ಅನಂತರ ಬಣ್ಣದ ಹಾಳೆಗಳ ಹೊಸ ಕ್ರಮ ಬಂದಿತು. ದೇಶವು ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿದ ಮೇಲೆ ಪ್ರಮಾಣವು 50,000ಕ್ಕೆ ಒಂದಾಯಿತು. ಈ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳ ಮೂಲಕ ಬೆಟ್ಟವು ಬೆಟ್ಟವಾಗಿ ಕಾಣಿಸಿಕೊಂಡಿತು. ಆದರೆ ಹಾಳೆಗಳ ವಿಭಾಗವು ಅಕ್ಷಾಂಶ ರೇಖಾಂಶಗಳನ್ನು ಅನುಸರಿಸುವುದರಿಂದ ಒಂದೇ ಸೀಮೆ ಹರಿದು ಹಂಚಿಹೋಗುತ್ತದೆ. ಚಿಕ್ಕಬಳ್ಳಾಪುರವೂ ನಂದಿಯೂ 57 ಜಿ/11ರಲ್ಲಿ, ಗೌರಿಬಿದನೂರು 57 ಜಿ/10ರಲ್ಲಿ, ಶಿಡ್ಲಘಟ್ಟವು 57 ಜಿ/15ರಲ್ಲಿ ಬರುತ್ತವೆ. 78ನೆಯ ರೇಖಾಂಶವನ್ನು ದಾಟಿದ ಚಿಂತಾಮಣಿಯು 57 ಕೆ/3ಕ್ಕೆ ಸೇರುತ್ತದೆ. ನಾಲ್ಕು ಊರುಗಳ ಬೆಟ್ಟಗಾಡನ್ನು ಒಟ್ಟಿಗೆ ನೋಡಬಯಸುವವನು ನಾಲ್ಕು ಹಾಳೆಗಳನ್ನು ಅಂಚಿಗೆ ಅಂಚು ಹೊಂದಿಸಬೇಕು.

ಜಲವಿಭಾಜಕ ರೇಖೆಯು ಎಷ್ಟು ಬೆಲೆಯುಳ್ಳದ್ದೆಂಬುದು 1892ರಲ್ಲಿ ಪ್ರಕಟವಾಯಿತು. ಆ ವರ್ಷ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಡಂಬಡಿಕೆಯ ಪಟ್ಟಿಯಲ್ಲಿ ಹದಿನೈದು ಮುಖ್ಯ ನದಿಗಳಿವೆ. ಕಾವೇರಿ ತುಂಗಭದ್ರೆಗಳ ಜೊತೆಗೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್‌ಗಳೂ ಅದರಲ್ಲಿವೆ. ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಇವುಗಳಿಗೆ ಹೊಸ ಜಲಾಶಯ ಕಟ್ಟತಕ್ಕದ್ದಲ್ಲವೆಂಬುದು ಅದರ ಸಾರ. ಹದಿನೈದರಲ್ಲಿ ಐದು ನದಿಗಳು ಈ ಒಂದು ಬೆಟ್ಟಗಾಡಿನಲ್ಲಿ ಹುಟ್ಟತಕ್ಕವು. ನೀರಿನ ಮೇಲೆ ಎರಡು ಸರ್ಕಾರಗಳಿಗೆ ಆಸಕ್ತಿಯಿದ್ದುದರಿಂದ ನದಿಗಳು ಹೆಸರು ಹಿಡಿದು ಪಟ್ಟಿಗೆ ಬಂದವು. ಆ ನೀರನ್ನು ಹಿಡಿದು ಬಿಡುವ ಹುಲ್ಲಿನ ಪಕ್ಕೆಗೆ ಯಾವ ಪಟ್ಟಿಯೂ ಇರಲಿಲ್ಲ.

7. ಪಟವನ್ನು ಓದುವ ಕ್ರಮ

ಮೇಲಿನ ವಿವರಗಳಿಂದ ಹಳೆಯ ಪಟಗಳು ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಅವುಗಳನ್ನು ಒಂದರ ಮೇಲೊಂದಿಟ್ಟು, ಬಿಳಿಯ ಜಾಗಗಳನ್ನು ಇತರ ಆಧಾರಗಳಿಂದ ತುಂಬುತ್ತ ಓದಬೇಕೆಂಬುದಷ್ಟೆ ನಮ್ಮ ಅಭಿಪ್ರಾಯ. ಬೆಟ್ಟದ ಪಕ್ಕೆಯಲ್ಲಿ ಊರಿಲ್ಲದ ಕಡೆ ಪಟವು ಒಂದು ಕುಂಟೆಯನ್ನೋ ಬಾವಿಯನ್ನೋ ತೋರಿಸಿದರೆ ಅದನ್ನು ಯಾರು ತೋಡಿಸಿದರೆಂದು ವಿಚಾರಿಸಬೇಕು. ಹೊಲಕ್ಕೂ ಪೇಟೆಗೂ ಹೋಗದ ಕಾಲುದಾರಿಯು ಬಹುಶಃ ಹಿಂಡಿನ ದಾರಿಯಾಗಿರಬಹುದು. ತುರುಗೋಳಿನ ವೀರಗಲ್ಲುಗಳು ನಿಂತಿರುವ ಸ್ಥಳಗಳನ್ನು ಒಂದಂಗುಲದ ಹಾಳೆಯ ಮೇಲೆ ಗುರುತಿಸಿದರೆ ಪ್ರಾಚೀನವಾದ ಹುಲ್ಲುಗಾವಲುಗಳ ಎಲ್ಲೆ ಕಂಡುಬರುವ ಸಂಭವವಿದೆ. ಸ್ಥಳನಾಮಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕನ್ನಡವೂ ತೆಲುಗೂ ಕಲೆತ ಈ ಸೀಮೆಯಲ್ಲಿ ಬೆಟ್ಟವೆಂದೂ ಕೊಂಡವೆಂದೂ, ಹಳ್ಳಿಯೆಂದೂ ಪಲ್ಲಿಯೆಂದೂ ಹೆಸರುಗಳು ಜೊತೆಜೊತೆಯಾಗಿ ನಡೆಯುತ್ತವೆ. ಪಟವು ಅವುಗಳಲ್ಲಿ ಒಂದನ್ನು ಮಾತ್ರ, ಅದೂ ಇಂಗ್ಲಿಷಿನ ಕಾಗುಣಿತದಲ್ಲಿ, ಉಳಿಸಿಕೊಂಡಿರುತ್ತದೆ.

ಇದು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಊರಿಗೆ ಗೋಮಾಳವನ್ನು ಬಿಡಬೇಕು. ಯಾವುದು ಗೋಮಾಳ, ಯಾವುದು ಖರಾಬು, ಯಾವುದು ಅರಣ್ಯ ಎಂಬ ವಿವಾದವು ಬಂದಾಗ ಕಚೇರಿಯವರು ಕೈಯಿಡುವುದು ಹಳೆಯ ನಕ್ಷೆಗೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಮೇಯಿಸುವ ಹಕ್ಕನ್ನು ಸ್ಪಷ್ಟವಾಗಿ ಅಂಗೀಕರಿಸಿದೆ. ಆದರೆ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಎಂದರೆ 75 ವರ್ಷಗಳ ಸಂಬಂಧವನ್ನು ತೋರಿಸಬೇಕು. ಆ ಕಾಯಿದೆಯ ಮೇರೆಗೆ 2008ರಲ್ಲಿ ಬಂದ ನಿಯಮಗಳು ಸಾಕ್ಷ್ಯವಾಗಿ ಗೆಜೆಟಿಯರುಗಳನ್ನೂ ಮೋಜಣಿಯ ವರದಿಗಳನ್ನೂ ಭೂಪಟಗಳನ್ನೂ ಹೆಸರಿಸುತ್ತವೆ. ಇವುಗಳ ಪಕ್ಕದಲ್ಲಿಯೇ ಬಾವಿ, ಸ್ಮಶಾನ, ಪವಿತ್ರಸ್ಥಳಗಳಂತಹ ನೆಲದ ಗುರುತುಗಳಿಗೂ ಹಿರಿಯರ ಹೇಳಿಕೆಗೂ ಸ್ಥಾನ ಕೊಟ್ಟಿವೆ. ಎರಡು ಶತಮಾನಗಳ ಹಿಂದೆ ಬೇರೆ ಬೇರೆ ಕಟ್ಟುಗಳಿಗೆ ಹೋದ ಪಟವೂ ಕೈಫಿಯತ್ತೂ ಈ ನಿಯಮದಲ್ಲಿ ಮತ್ತೆ ಒಂದೆಡೆ ಸೇರುತ್ತವೆಂದು ಹೇಳಬಹುದು.

2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಪಾಳೆಯಗಾರರ ವಂಶಾವಳಿಗೂ ದೇವಾಲಯಗಳ ಶಿಲ್ಪಕ್ಕೂ ಕೊಡುವ ಗಮನದ ಒಂದು ಪಾಲನ್ನು ಗ್ರಾಮನಕ್ಷೆಗಳಿಗೂ ಕೊಡುವುದು ಅವಶ್ಯ. ಒಂದೊಂದು ಹೋಬಳಿಯನ್ನು ತೆಗೆದುಕೊಂಡು, ಅಲ್ಲಿನ ಶಾಸನೋಕ್ತ ಸೀಮೆಗಳು, ಗ್ರಾಮನಕ್ಷೆಯ ಗೋಮಾಳದ ನಂಬರುಗಳು, ಅರಣ್ಯ ಘೋಷಣೆಯ ಎಲ್ಲೆಗಳು ಮತ್ತು ಊರ ಹಿರಿಯರು ತೋರಿಸುವ ಹಿಂಡಿನ ದಾರಿಗಳು, ಈ ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಬರೆಯುವ ಕಾರ್ಯವು ಇನ್ನೂ ಆಗಬೇಕಾಗಿದೆ. ದಾರಿಗಳನ್ನು ನಡೆದು ತೋರಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ನಾಲ್ಕನೆಯದನ್ನೇ ಮೊದಲು ಕೈಗೊಳ್ಳುವುದು ಯುಕ್ತ.